ಘನಗಳ ಲೋಕದಲ್ಲಿ ಬೋನು ಮತ್ತು ಗಣಿ

ಪೀಣ್ಯದ ಯಂತ್ರಾಗಾರಗಳ ನೆರೆಯ ಬೀದಿಗಳಲ್ಲಾಗಲಿ, ವೈಟ್‌ಫೀಲ್ಡಿನ ಬಹುಮಹಡಿಯ ವಸತಿಗಳಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಣ ಬಡಾವಣೆಗಳಲ್ಲಾಗಲಿ, ನಾಲ್ಕು ಮಂದಿ ವಿದ್ಯಾರ್ಥಿಗಳು ಕೂಡಿದ ಕಡೆ 'ಮೈನ್‌ಕ್ರಾಫ್ಟ್' ಎಂಬ ಆಟದ ಮಾತು ಒಮ್ಮೆಯಾದರೂ ಬರುವುದುಂಟು. ಸ್ವೀಡನ್ ದೇಶದ ಮಾರ್ಕಸ್ ಪೆರ್ಸೋನ್ ಎಂಬವನು 2009ರಲ್ಲಿ ಈ ಆಟದ ಮೊದಲ ರೂಪವನ್ನು ಹೊರತಂದನು. 2011ರ ನವೆಂಬರಿನಲ್ಲಿ ಅದು ಪೂರ್ಣರೂಪದಲ್ಲಿ ಪ್ರಕಟವಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು 250 ಕೋಟಿ ಡಾಲರುಗಳಿಗೆ ಕೊಂಡಿತು. 2023ರ ವೇಳೆಗೆ ಅದರ 30 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿದ್ದವು.

ಈ ಆಟದ ಲೋಕವೆಲ್ಲವೂ ಘನಾಕೃತಿಗಳಿಂದ ಕಟ್ಟಲ್ಪಟ್ಟದ್ದು. ಒಂದೊಂದು ಘನದ ಅಂಚೂ ಒಂದು ಮೀಟರ್ ಉದ್ದ. ಮಣ್ಣು, ಕಲ್ಲು, ಮರ, ಮರಳು, ಅದಿರು ಎಲ್ಲವೂ ಘನಗಳೇ. ಆಟಗಾರನು ಬರಿಗೈಯಲ್ಲಿ ಈ ಲೋಕಕ್ಕೆ ಬರುತ್ತಾನೆ. ಅಲ್ಲಿಯ ಹಗಲಿರುಳು ಸೇರಿ ನಮ್ಮ 20 ನಿಮಿಷ. ಹಗಲಿನಲ್ಲಿ ಅವನು ಮರ ಕಡಿದು, ಕಲ್ಲು ಒಡೆದು ಸಾಮಗ್ರಿ ಕೂಡಿಸಬೇಕು. ಇರುಳಿನಲ್ಲಿ ಎದ್ದು ಬರುವ ದುಷ್ಟಪ್ರಾಣಿಗಳಿಂದ ತಲೆ ಉಳಿಸಿಕೊಳ್ಳಬೇಕು. ಆದಕಾರಣ ಅವನ ಕೆಲಸಗಳು ಮುಖ್ಯವಾಗಿ ಎರಡು: ಒಂದು ಗಣಿ ತೋಡುವುದು, ಇನ್ನೊಂದು ಬೋನು ಹೂಡುವುದು.

ಆಟವನ್ನು ಹೊಗಳುವುದೂ ತೆಗಳುವುದೂ ನಮ್ಮ ಉದ್ದೇಶವಲ್ಲ. ಯಾವ ಲೋಕಕ್ಕೇ ಆಗಲಿ ಅದರದೇ ನಿಯಮಗಳಿರುತ್ತವೆ; ಆ ನಿಯಮಗಳನ್ನು ಹುಡುಕಿ, ಅಳೆದು, ಅಂಕಿಗಳಲ್ಲಿ ಹೇಳುವುದು ಭೌತಶಾಸ್ತ್ರದ ಕಸುಬು. ಆಟದ ಲೋಕದ ನಿಯಮಗಳನ್ನು ಮನುಷ್ಯನು ಬರೆದನು. ನಮ್ಮ ಲೋಕದ ನಿಯಮಗಳು ಬರೆದಿಟ್ಟು ಸಿಕ್ಕುವುದಿಲ್ಲ. ಇವೆರಡೂ ಎಲ್ಲಿ ಹೊಂದುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ತಿಳಿದವನಿಗೆ ಲಾಭವುಂಟು. ತಿಳಿಯದವನಿಗೆ ಕೆಲವು ಕಡೆ ಪ್ರಾಣಾಪಾಯವೂ ಉಂಟು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಆಟದ ಬೋನು

ಅನುಭವವುಳ್ಳ ಆಟಗಾರನು ಹೂಡುವ ಬೋನಿನ ರಚನೆ ಹೀಗಿರುತ್ತದೆ. ದುಷ್ಟಪ್ರಾಣಿಗಳು ಕತ್ತಲಲ್ಲಿ ಮಾತ್ರ ಹುಟ್ಟುವುವಾದ್ದರಿಂದ ಮೊದಲು ಒಂದು ಕತ್ತಲೆಯ ಕೋಣೆಯನ್ನು ಕಟ್ಟುತ್ತಾನೆ. ಕೋಣೆಯ ನೆಲದ ಮೇಲೆ ನೀರನ್ನು ಹರಿಯಬಿಡುತ್ತಾನೆ. ಆಟದ ನೀರು ಸಮತಟ್ಟಾದ ನೆಲದ ಮೇಲೆ ತನ್ನ ಮೂಲದಿಂದ ಏಳು ಘನಗಳಷ್ಟು ದೂರ ಹರಿದು ನಿಲ್ಲುತ್ತದೆ. ಆ ಕೊನೆಯಲ್ಲಿ ಒಂದು ಬಾವಿಯನ್ನು ತೋಡಿದರೆ, ಹುಟ್ಟಿದ ಪ್ರಾಣಿಯು ನೀರಿನೊಡನೆ ತೇಲಿ ಬಂದು ಬಾವಿಗೆ ಬೀಳುತ್ತದೆ.

ಬಾವಿಯ ಆಳವೆಷ್ಟಿರಬೇಕು? ಇಲ್ಲಿ ಲೆಕ್ಕ ಬರುತ್ತದೆ. ಬಿದ್ದ ಪ್ರಾಣಿಗೆ ತಗಲುವ ಪೆಟ್ಟು, ಬಿದ್ದ ಎತ್ತರದಿಂದ ಮೂರನ್ನು ಕಳೆದಷ್ಟು. ಪ್ರೇತರೂಪದ ಸಾಮಾನ್ಯ ಪ್ರಾಣಿಯ ಆಯುಸ್ಸು 20 ಅಂಶ. ಆದ್ದರಿಂದ 22 ಘನಗಳ ಆಳಕ್ಕೆ ಬಿದ್ದರೆ 19 ಅಂಶ ನಷ್ಟವಾಗಿ ಒಂದು ಉಳಿಯುತ್ತದೆ. ಆಮೇಲೆ ಒಂದು ಗುದ್ದು ಸಾಕು. 23 ಘನಗಳಾದರೆ ಗುದ್ದೂ ಬೇಡ.

ಈ ನಿಯಮದಲ್ಲಿ ಭೌತಶಾಸ್ತ್ರದ ನಿಜವೊಂದು ಅಡಗಿದೆ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯು ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧ. ಬೀಳುವಾಗ ಅದು ಚಲನಶಕ್ತಿಯಾಗಿ ಮಾರ್ಪಡುತ್ತದೆ. ನೆಲ ಮುಟ್ಟಿದಾಗ ದೇಹವು ಅದನ್ನು ತಾಳಿಕೊಳ್ಳಬೇಕು. ಎತ್ತರ ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿ. ಪೆಟ್ಟನ್ನು ಎತ್ತರದೊಡನೆ ನೇರವಾಗಿ ಏರಿಸಿರುವ ಆಟದ ನಿಯಮವು ಇಷ್ಟರ ಮಟ್ಟಿಗೆ ಸರಿಯಾಗಿಯೇ ಇದೆ.

ತಪ್ಪುವುದು ಬೇರೆ ಎರಡು ಕಡೆ. ಮೊದಲನೆಯದು ಗಾತ್ರದ ವಿಷಯ. ಆಟದಲ್ಲಿ ಪೆಟ್ಟಿಗೆ ಪ್ರಾಣಿಯ ಗಾತ್ರದ ಪರಿವೆಯಿಲ್ಲ. ನಮ್ಮ ಲೋಕದಲ್ಲಿಯಾದರೋ ಇಲಿಯು ತನ್ನ ತೂಕಕ್ಕೆ ಹೋಲಿಸಿದರೆ ಬಹಳ ದೊಡ್ಡ ಮೈಹರವುಳ್ಳದ್ದು. ಗಾಳಿಯ ತಡೆ ಅದನ್ನು ಬೇಗನೆ ಹಿಡಿದು ನಿಧಾನಗೊಳಿಸುತ್ತದೆ. ಎತ್ತರದಿಂದ ಬಿದ್ದರೂ ಅದು ಎದ್ದು ಓಡಬಹುದು. ಆನೆಗೆ ಆ ಭಾಗ್ಯವಿಲ್ಲ. ಗಾತ್ರದ ಈ ಮಹಿಮೆಯನ್ನು 1926ರ ಪ್ರಬಂಧವೊಂದರಲ್ಲಿ ವಿಶದಪಡಿಸಿದವನು ಜೆ. ಬಿ. ಎಸ್. ಹಾಲ್ಡೇನ್, ಮುಂದೆ ಅವನು ಭಾರತದ ಪ್ರಜೆಯೇ ಆದನು.

ಎರಡನೆಯದು ಹೆಚ್ಚು ಗಂಭೀರವಾದದ್ದು. ಆಟದಲ್ಲಿ ಬಾವಿಯ ತಳದಲ್ಲಿ ಒಂದೇ ಘನದ ಆಳ ನೀರಿದ್ದರೂ ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ. ನಿಜವೇನು? 22 ಮೀಟರ್ ಎತ್ತರದಿಂದ ಬಿದ್ದವನು ನೀರನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 21 ಮೀಟರ್, ಎಂದರೆ ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿರುತ್ತಾನೆ. ಅಷ್ಟು ವೇಗವನ್ನು ಒಂದು ಮೀಟರ್ ನೀರಿನೊಳಗೆ ಕಳೆದುಕೊಳ್ಳಬೇಕಾದರೆ ಅವನ ದೇಹದ ಮೇಲೆ ತೂಕದ ಇಪ್ಪತ್ತಕ್ಕೂ ಹೆಚ್ಚು ಪಾಲಿನ ಬಲ ಬೀಳುತ್ತದೆ. ಬಲವು ಒಂದೇ ಸಮನಾಗಿ ಹಂಚಿದಾಗಿನ ಮಾತು ಇದು. ವಾಸ್ತವದಲ್ಲಿ ನೀರು ಅಷ್ಟರೊಳಗೆ ತಡೆಯಲಾರದು. ತಳದ ಕಲ್ಲೇ ತಡೆಯುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಕೈಬಿಟ್ಟ ಕಲ್ಲುಗಣಿಗಳು ಅನೇಕವಿವೆ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಲ್ಲುತ್ತದೆ. ಮೇಲಿಂದ ನೋಡಿದವನಿಗೆ ಆಳ ತಿಳಿಯದು, ಒಳಗಿನ ಬಂಡೆ ಕಾಣದು. ಈಜಲು ಹೋದ ಹುಡುಗರು ಹಿಂದಿರುಗದ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಆಟದ ನೀರಿನ ಮೇಲಣ ನಂಬಿಕೆಯನ್ನು ಅಲ್ಲಿಗೆ ಒಯ್ಯಬಾರದು.

ಆಟದ ಗುರುತ್ವವನ್ನು ಅಳೆಯುವುದು

ಆಟದಲ್ಲಿ ವಸ್ತುಗಳು ಎಷ್ಟು ಬೇಗ ಬೀಳುತ್ತವೆ? ಇದನ್ನು ವಿದ್ಯಾರ್ಥಿಯು ಮನೆಯಲ್ಲಿಯೇ ಅಳೆಯಬಹುದು. ಗಡಿಯಾರದ ಗುಂಡಿಯನ್ನು ಒತ್ತಿ ಅಳೆದರೆ ಕೈಯ ತಡದಿಂದಲೇ ಸೆಕೆಂಡಿನ ಐದನೆಯ ಒಂದು ಪಾಲು ತಪ್ಪಬಹುದು. ಅದಕ್ಕಿಂತ ಆಟದ ಪರದೆಯ ಚಲನಚಿತ್ರವನ್ನು ತೆಗೆದು, ಬೀಳುವಿಕೆಯ ಮೊದಲಿನಿಂದ ಕೊನೆಯವರೆಗೆ ಎಷ್ಟು ಚಿತ್ರಗಳಿವೆಯೆಂದು ಎಣಿಸುವುದು ಮೇಲು. ಸೆಕೆಂಡಿಗೆ 30 ಚಿತ್ರಗಳಾದರೆ ತಪ್ಪು ಮೂವತ್ತರಲ್ಲಿ ಒಂದು ಪಾಲು ಸೆಕೆಂಡಿಗಿಂತ ಹೆಚ್ಚದು.

ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ 5 ಘನಗಳ ಬೀಳುವಿಕೆಗೆ ಸುಮಾರು 0.56 ಸೆಕೆಂಡು ಹಿಡಿಯುತ್ತದೆ. ತರಗತಿಯಲ್ಲಿ ಕಲಿತ ಸೂತ್ರದಂತೆ ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಸುಮಾರು 32 ಬರುತ್ತದೆ. ಭೂಮಿಯ ಮೇಲೆ ಈ ಬೆಲೆ 9.8. ಎಂದರೆ ಆಟದ ಲೋಕದ ಗುರುತ್ವವು ನಮ್ಮದರ ಮೂರು ಪಾಲಿಗೂ ಹೆಚ್ಚು! ನಮ್ಮಲ್ಲಿ ಅದೇ 5 ಮೀಟರ್ ಬೀಳಲು ಒಂದು ಸೆಕೆಂಡು ಬೇಕು.

ಈಗ 23 ಘನಗಳ ಬಾವಿಯಲ್ಲಿ ಅದೇ ಅಳತೆಯನ್ನು ಮಾಡಿದರೆ ಸುಮಾರು 1.3 ಸೆಕೆಂಡು ಸಿಕ್ಕುತ್ತದೆ. ಅದೇ ಸೂತ್ರ ಈ ಸಲ 32ನ್ನು ಕೊಡದೆ ಸುಮಾರು 27ನ್ನು ಕೊಡುತ್ತದೆ. ಎಡವಟ್ಟು ಎಲ್ಲಿ? ಅಳತೆಯಲ್ಲಲ್ಲ, ಸೂತ್ರದಲ್ಲಿ. ಆ ಸೂತ್ರವು ಗಾಳಿಯ ತಡೆಯಿಲ್ಲದ ಕಡೆಗೆ ಹೇಳಿದ್ದು. ಆಟದ ಯಂತ್ರವು ಸೆಕೆಂಡನ್ನು 20 ಹೆಜ್ಜೆಗಳಾಗಿ ವಿಭಾಗಿಸಿ, ಪ್ರತಿ ಹೆಜ್ಜೆಯಲ್ಲೂ ವೇಗವನ್ನು ಒಂದಿಷ್ಟು ಹೆಚ್ಚಿಸಿ, ಅದರಲ್ಲಿ ನೂರಕ್ಕೆ ಎರಡರಂತೆ ಕಳೆಯುತ್ತದೆ. ಈ ಕಳೆತವೇ ಆಟದ ಗಾಳಿ. ವೇಗ ಹೆಚ್ಚಿದಂತೆ ಕಳೆತವೂ ಹೆಚ್ಚಿ, ಕೊನೆಗೆ ಕೂಡಿದಷ್ಟೂ ಕಳೆದುಹೋಗುವ ಹಂತ ಬರುತ್ತದೆ. ಅಲ್ಲಿಂದಾಚೆಗೆ ವೇಗ ಏರದು. ಆಟದಲ್ಲಿ ಈ ಅಂತಿಮ ವೇಗ ಸೆಕೆಂಡಿಗೆ ಸುಮಾರು 78 ಮೀಟರ್. ವಿಮಾನದಿಂದ ಹಾರಿ ಮೈಚಾಚಿ ಬೀಳುವ ಮನುಷ್ಯನಿಗೆ ಅದು ಸುಮಾರು 55 ಮೀಟರ್. ಎರಡು ಅಳತೆಗಳು ಹೊಂದದಿರುವಾಗ ಆ ಭೇದವೇ ಹೊಸ ಸಂಗತಿಯೊಂದರ ಸುಳಿವು ಕೊಡುತ್ತದೆಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕುವುದು ಕಷ್ಟ.

ಬೋನಿನ ಮೂರು ಅಂಗಗಳು

ಇನ್ನು ನಿಜವಾದ ಬೋನಿನ ಕಡೆಗೆ ತಿರುಗೋಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬೋನಿನ ಮಾತು ಆಟದ್ದು ಮಾತ್ರವೇ ಅಲ್ಲ. 2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡಿನ ಕಡೆಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಕೂಡ್ಲು ಗೇಟಿನ ಬಳಿ ಇನ್ನೊಂದು ಚಿರತೆ ಕಾಣಿಸಿಕೊಂಡಿತು; ಅರಣ್ಯ ಇಲಾಖೆಯವರು ಬೋನುಗಳನ್ನಿಟ್ಟು ದಿನಗಟ್ಟಲೆ ಹುಡುಕಿದರು. ನವೆಂಬರ್ 1ರಂದು ನಡೆದ ಸೆರೆಯ ಕಾರ್ಯದಲ್ಲಿ ಆ ಪ್ರಾಣಿ ಬದುಕುಳಿಯಲಿಲ್ಲ. ಬನ್ನೇರುಘಟ್ಟದ ಕಾಡಿಗೂ ನಗರದ ಅಂಚಿಗೂ ನಡುವಣ ಅಂತರ ಕಡಮೆಯಾದಂತೆ ಇಂತಹ ಪ್ರಸಂಗಗಳು ಒದಗುತ್ತವೆ.

ಚಿರತೆಯ ಬೋನು ಕಬ್ಬಿಣದ ಸರಳುಗಳ ಉದ್ದನೆಯ ಪೆಟ್ಟಿಗೆ. ಒಂದು ಕೊನೆಯಲ್ಲಿ ಮೇಲಿಂದ ಕೆಳಕ್ಕೆ ಜಾರಿ ಬೀಳುವ ಬಾಗಿಲು. ಇನ್ನೊಂದು ಕೊನೆಯಲ್ಲಿ ಆಮಿಷ. ಆಮಿಷದ ಮುಂದೆ ನೆಲದ ಮೇಲೆ ಒಂದು ಹಲಗೆ. ಪ್ರಾಣಿಯು ಹಲಗೆಯನ್ನು ತುಳಿದಾಗ ಕೊಂಡಿ ಕಳಚಿ ಬಾಗಿಲು ಬೀಳುತ್ತದೆ. ಇದನ್ನು ಪರಿಶೀಲಿಸಿದರೆ ಮೂರು ಅಂಗಗಳು ಕಾಣುತ್ತವೆ: ಮೊದಲೇ ಕೂಡಿಟ್ಟ ಶಕ್ತಿ, ಅದನ್ನು ಹಿಡಿದಿಟ್ಟ ಕೊಂಡಿ, ಕೊಂಡಿಯನ್ನು ಕಳಚುವ ಕೀಲು. ಬಾಗಿಲನ್ನು ಎತ್ತಿ ನಿಲ್ಲಿಸಿದ ಮನುಷ್ಯನ ತೋಳಿನ ಶಕ್ತಿಯೇ ಪ್ರಚ್ಛನ್ನವಾಗಿ ಅಲ್ಲಿ ಕಾದಿರುತ್ತದೆ. ಅದನ್ನು ಬಿಡಿಸಲು ಮಾತ್ರ ಅಲ್ಪ ಬಲ ಸಾಕು. ಅಲ್ಪ ಬಲದಿಂದ ಮಹಾಶಕ್ತಿಯನ್ನು ಬಿಡಿಸುವುದೇ ಬೋನಿನ ಸಾರ. ಇಲಿಯ ಕತ್ತರಿಯಲ್ಲಿ ಆ ಶಕ್ತಿ ಸುರುಳಿಯಲ್ಲಿರುತ್ತದೆ. ಆಟದಲ್ಲಿ ನೆಲದ ಒತ್ತುಹಲಗೆಯು ಇದೇ ಕೀಲಿನ ಕೆಲಸ ಮಾಡುತ್ತದೆ.

ಹಲಗೆಯು ಬಾಗಿಲಿನ ಬಳಿ ಇಲ್ಲದೆ ಒಳಗಿನ ಕೊನೆಯಲ್ಲಿರುವುದೇಕೆ? ಬಾಗಿಲು 1.2 ಮೀಟರ್ ಬೀಳಬೇಕಾದರೆ ಸುಮಾರು ಅರ್ಧ ಸೆಕೆಂಡು ಬೇಕು. ಓಡುವ ಚಿರತೆಗೆ ಅರ್ಧ ಸೆಕೆಂಡೆಂದರೆ ಹಲವು ಮೀಟರ್. ಅದು ಸದ್ದು ಕೇಳಿ, ತಿರುಗಿ, ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರಬೇಕು. ಅದಕ್ಕಾಗಿಯೇ ಪ್ರಾಣಿಯ ಬೆನ್ನು ಬಾಗಿಲ ಕಡೆಗಿರುವಂತೆ, ಬಾಗಿಲು ದೂರವಿರುವಂತೆ ರಚನೆ. ಆಟದ ಬಾಗಿಲು ಕ್ಷಣಮಾತ್ರದಲ್ಲಿ ಮುಚ್ಚುತ್ತದೆ. ಅಲ್ಲಿ ಈ ಯೋಚನೆಗೆ ಅವಕಾಶವೇ ಇಲ್ಲ.

ಶಕ್ತಿಯನ್ನೇ ಕೂಡಿಡದೆ, ಬರೀ ಆಕಾರದಿಂದ ಸೆರೆ ಹಿಡಿಯುವ ಬೋನುಗಳೂ ಉಂಟು. ಮಲೆನಾಡಿನಲ್ಲಿ ಮುಂಗಾರಿನ ಹೊಳೆಗೆ ಒಡ್ಡುವ ಬಿದಿರಿನ ಕೂಣಿಯಲ್ಲಿ ಮೀನು ಒಳಹೋಗುವುದು ಸುಲಭ, ಹೊರಬರುವುದು ಕಷ್ಟ. ಹರಿಯುವ ನೀರೇ ಅದನ್ನು ದೂಡುತ್ತದೆ. ಆಟಗಾರನ ನೀರಿನ ಕಾಲುವೆಯೂ ಇದೇ ಜಾತಿಯದು. ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಸ್ಯಾಂಡರ್‌ಸನ್ನನು ಪ್ರಾರಂಭಿಸಿದ ಖೆಡ್ಡಾದಲ್ಲಿ ಆನೆಗಳ ಹಿಂಡನ್ನು ಸದ್ದುಗದ್ದಲಗಳಿಂದ ಅಟ್ಟಿ, ಬರಬರುತ್ತ ಕಿರಿದಾಗುವ ದಾರಿಯಿಂದ ದೊಡ್ಡಿಗೆ ನೂಕುತ್ತಿದ್ದರು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದುದೇ ಕೊನೆಯ ಖೆಡ್ಡಾ.

ಬೋನನ್ನು ತಿರುಗಿಸಿದರೆ

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ತಗಡನ್ನು ಕತ್ತರಿಸಿ ಅಚ್ಚೊತ್ತುವ ಪವರ್ ಪ್ರೆಸ್ಸುಗಳಿವೆ. ಮೋಟಾರು ದೊಡ್ಡ ಫ್ಲೈವೀಲನ್ನು ತಿರುಗಿಸಿ ಅದರಲ್ಲಿ ಶಕ್ತಿ ಕೂಡಿಡುತ್ತದೆ. ಕ್ಲಚ್ಚು ಆ ಶಕ್ತಿಯನ್ನು ತಡೆಹಿಡಿದಿರುತ್ತದೆ. ಕೆಲಸಗಾರನು ಪೆಡಲನ್ನು ತುಳಿದಾಗ ಕ್ಲಚ್ಚು ಕೂಡಿಕೊಂಡು ಡೈ ಕೆಳಗಿಳಿದು ಬಡಿಯುತ್ತದೆ. ಕೂಡಿಟ್ಟ ಶಕ್ತಿ, ಕೊಂಡಿ, ಕೀಲು! ಮೂರು ಅಂಗಗಳೂ ಇಲ್ಲಿವೆ. ಲಕ್ಷಣ ನೋಡಿದರೆ ಪವರ್ ಪ್ರೆಸ್ಸು ಕೂಡ ಒಂದು ಬೋನೇ. ತಗಡನ್ನು ಸರಿಪಡಿಸಲು ಕೈ ಒಳಗಿರುವಾಗ ಕಾಲು ಪೆಡಲಿನ ಮೇಲೆ ಬಿದ್ದರೆ, ಆ ಬೋನಿಗೆ ಸಿಕ್ಕುವುದು ಬೆರಳು.

ಇದಕ್ಕೆ ಕಂಡುಹಿಡಿದ ಪರಿಹಾರ ಬಹಳ ಚೆಲುವಾದದ್ದು. ಪೆಡಲನ್ನು ತೆಗೆದು, ಎಡಬಲಗಳಲ್ಲಿ ಎರಡು ಗುಂಡಿಗಳನ್ನಿಡುತ್ತಾರೆ. ಎರಡನ್ನೂ ಒತ್ತಿದರೆ ಮಾತ್ರ ಡೈ ಇಳಿಯುತ್ತದೆ. ಎರಡು ಕೈಗಳೂ ಗುಂಡಿಗಳ ಮೇಲಿದ್ದಾಗ ಡೈಯ ಕೆಳಗೆ ಕೈ ಇರಲಾರದಷ್ಟೆ. ಒಂದು ಗುಂಡಿಯನ್ನು ರಬ್ಬರು ಪಟ್ಟಿಯಿಂದ ಕಟ್ಟಿಬಿಟ್ಟರೆ? ಅದನ್ನೂ ಊಹಿಸಿದ್ದಾರೆ: ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನ ಒಳಗೆ ಒಟ್ಟಾಗಿ ಒತ್ತಿದರೆ ಮಾತ್ರ ಯಂತ್ರ ಒಪ್ಪುತ್ತದೆ. ಇನ್ನು ಗುಂಡಿಗಳು ಡೈಯಿಂದ ಎಷ್ಟು ದೂರವಿರಬೇಕು? ಕೈಯ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುತ್ತಾರೆ. ಗುಂಡಿ ಬಿಟ್ಟ ಮೇಲೆ ಯಂತ್ರ ನಿಲ್ಲಲು ಕಾಲು ಸೆಕೆಂಡು ಬೇಕಾದರೆ, ಅಷ್ಟರೊಳಗೆ ಕೈಯು 0.4 ಮೀಟರ್ ಚಲಿಸಬಲ್ಲದು. ಆದ್ದರಿಂದ ಗುಂಡಿಗಳು ಅದಕ್ಕಿಂತ ಸಮೀಪದಲ್ಲಿರಕೂಡದು. ಚಿರತೆಯ ಬೋನಿನಲ್ಲಿ ಪ್ರಾಣಿ ಹೊರಬರುವ ಮೊದಲು ಬಾಗಿಲು ಬೀಳಬೇಕು. ಇಲ್ಲಿ ಕೈ ಒಳಹೋಗುವ ಮೊದಲು ಬಾಗಿಲು ನಿಲ್ಲಬೇಕು. ಲೆಕ್ಕ ಒಂದೇ, ಉದ್ದೇಶ ಮಾತ್ರ ತಿರುಗಿದೆ.

'ಇದೂ ಇರಬೇಕು, ಅದೂ ಇರಬೇಕು' ಎಂಬ ಈ ನಿಯಮವನ್ನು ಆಟಗಾರರು ಚೆನ್ನಾಗಿ ಬಲ್ಲರು. ಆಟದಲ್ಲಿ ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯಿದೆ. ನೆಲದ ಮೇಲೆ ಎಳೆದರೆ ಅದು ತಂತಿಯಂತೆ ಸಂಕೇತವನ್ನು ಒಯ್ಯುತ್ತದೆ. ಅದರ ಪಂಜು, ತನಗೆ ಸಂಕೇತ ಬಂದಾಗ ಆರಿ, ಬಾರದಾಗ ಉರಿಯುತ್ತದೆ. ಎಂದರೆ 'ಅಲ್ಲ' ಎಂಬುದೇ ಅದರ ಭಾಷೆ. ಎರಡು ಸಂಕೇತಗಳನ್ನು ಎರಡು ಪಂಜುಗಳಿಂದ 'ಅಲ್ಲ' ಎನ್ನಿಸಿ, ಅವನ್ನು ಕೂಡಿಸಿ, ಮೂರನೆಯ ಪಂಜಿನಿಂದ ಮತ್ತೆ 'ಅಲ್ಲ' ಎನ್ನಿಸಿದರೆ, ಎರಡೂ ಇದ್ದಾಗ ಮಾತ್ರ ಉರಿಯುವ ದ್ವಾರ ಸಿದ್ಧವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಯಿಟ್ಟರು. ಇಂದು ಅಲ್ಲಿಯ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ದುಡಿಯುತ್ತಿರುವುದು ಇಂತಹ ದ್ವಾರಗಳೇ. ಕಾರ್ಮಿಕನ ಬೆರಳನ್ನು ಕಾಯುವುದೂ ಅದೇ.

ಗಣಿಯ ಲೆಕ್ಕ

ಆಟದ ಗಣಿಗಾರಿಕೆಯಲ್ಲಿ ಒಂದು ಕ್ರಮವಿದೆ. ಮರದ ಗುದ್ದಲಿಯಿಂದ ಕಲ್ಲು, ಕಲ್ಲಿನ ಗುದ್ದಲಿಯಿಂದ ಕಬ್ಬಿಣದ ಅದಿರು, ಕಬ್ಬಿಣದ ಗುದ್ದಲಿಯಿಂದ ವಜ್ರ. ಒಂದು ಮೆಟ್ಟಿಲನ್ನು ಹಾರಿ ಇನ್ನೊಂದಕ್ಕೆ ಹೋಗುವಂತಿಲ್ಲ. ಗಟ್ಟಿಯಾದುದನ್ನು ಕಡೆಯಲು ಅದಕ್ಕಿಂತ ಗಟ್ಟಿಯಾದುದು ಬೇಕೆಂಬ ನಿಯಮದ ನೆರಳು ಇದರಲ್ಲಿದೆ. ಪೀಣ್ಯದ ಲೇತುಗಳಲ್ಲಿ ಈ ಮೆಟ್ಟಿಲುಗಳನ್ನು ಕಣ್ಣಾರೆ ಕಾಣಬಹುದು: ಉಕ್ಕನ್ನು ಕಡೆಯುವುದು ಟಂಗ್‌ಸ್ಟನ್ ಕಾರ್ಬೈಡಿನ ತುದಿ, ಆ ಕಾರ್ಬೈಡನ್ನು ಮಸೆಯುವುದು ವಜ್ರದ ಪುಡಿಯ ಚಕ್ರ.

ಆದರೆ ಕ್ರಮ ಹೊಂದಿದರೂ ಪ್ರಮಾಣ ಹೊಂದುವುದಿಲ್ಲ. ಒಂದು ಘನಮೀಟರ್ ನೀರು ಒಂದು ಟನ್ನು ತೂಗುತ್ತದೆ. ನಮ್ಮ ಬೆಂಗಳೂರಿನ ನೈಸ್ ಶಿಲೆ ಸುಮಾರು 2.7 ಟನ್ನು, ಕಬ್ಬಿಣ 7.9 ಟನ್ನು, ಚಿನ್ನ 19.3 ಟನ್ನು. ಆಟಗಾರನ ಚೀಲದಲ್ಲಿ 36 ಖಾನೆಗಳು, ಖಾನೆಗೆ 64 ಘನಗಳು, ಒಟ್ಟು 2,304 ಘನಗಳು. ಬರಿಯ ಕಲ್ಲನ್ನೇ ತುಂಬಿದರೂ ಅದರ ತೂಕ 6,200 ಟನ್ನಿಗೆ ಮಿಕ್ಕುತ್ತದೆ. ಸಲಕ್ಕೆ 20 ಟನ್ನು ಹೊರುವ ಟಿಪ್ಪರ್ ಲಾರಿಯು ಇದನ್ನು ಸಾಗಿಸಲು 300ಕ್ಕೂ ಹೆಚ್ಚು ಸಲ ತಿರುಗಬೇಕು. ಆಟಗಾರನು ಇಷ್ಟನ್ನೂ ಹೊತ್ತು ಏಣಿ ಹತ್ತುತ್ತಾನೆ!

ಚಿನ್ನದ ಲೆಕ್ಕ ಇದಕ್ಕಿಂತ ಸ್ವಾರಸ್ಯವಾದದ್ದು. ಬೆಂಗಳೂರಿನ ಪೂರ್ವಕ್ಕಿರುವ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯು 1880ರ ದಶಕದಲ್ಲಿ ದೊಡ್ಡ ಪ್ರಮಾಣದ ಕೆಲಸ ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. ಗಣಿಯು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿಗೂ ಹೆಚ್ಚು, ಮೇಲಣ ಒತ್ತಡಕ್ಕೆ ಬಂಡೆಗಳು ಸಿಡಿಯುತ್ತಿದ್ದವು, ಕಾರ್ಮಿಕರು ಸಾಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ಅಲ್ಲಿ ದೊರೆತ ಚಿನ್ನ ಸುಮಾರು 800 ಟನ್ನು. ಇದನ್ನು 19.3ರಿಂದ ಭಾಗಿಸಿರಿ: ಬರುವುದು 41 ಮತ್ತು ಚಿಲ್ಲರೆ. ನಾಲ್ಕು ತಲೆಮಾರುಗಳ ಕೋಲಾರದ ದುಡಿಮೆಯೆಲ್ಲವೂ ಆಟದ ಅಳತೆಯಲ್ಲಿ 41 ಘನ! ಆಟಗಾರನ ಚೀಲದ ಒಂದೇ ಖಾನೆಯಲ್ಲಿ ಅದು ಅಡಗಿ, ಇನ್ನೂ 20ಕ್ಕೂ ಹೆಚ್ಚು ಘನಗಳಿಗೆ ಎಡೆ ಉಳಿಯುತ್ತದೆ.

ಆಟದಲ್ಲಿ ಅದಿರು ಕೈಗೆ ಬಂದ ಮೇಲೆ ಕಸ ಉಳಿಯುವುದಿಲ್ಲ. ಕೋಲಾರದಲ್ಲಿ ಉಳಿದಿದೆ. ಅದಿರನ್ನು ಪುಡಿಮಾಡಿ, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ತರುವಾಯ ಮಿಕ್ಕ ಹುಡಿ ಕೋಟ್ಯಂತರ ಟನ್ನುಗಳಷ್ಟು ಬೂದುಬಣ್ಣದ ದಿಬ್ಬಗಳಾಗಿ ನಿಂತಿದೆ. ಬೇಸಿಗೆಯ ಗಾಳಿಗೆ ಅದರ ಧೂಳು ಊರಿನ ಮೇಲೆ ಬೀಳುತ್ತದೆ.

ಅದೇ ಗಣಿ ಒಮ್ಮೆ ಅಪೂರ್ವವಾದೊಂದು ಬೋನಾಗಿಯೂ ನಿಂತಿತ್ತು. ನ್ಯೂಟ್ರಿನೊ ಎಂಬ ಕಣವು ಭೂಮಿಯನ್ನೇ ತೂರಿಹೋಗುವಷ್ಟು ಸೂಕ್ಷ್ಮವಾದದ್ದು. ಅದನ್ನು ಗುರುತಿಸಬೇಕಾದರೆ ಆಕಾಶದಿಂದ ಸುರಿಯುವ ಉಳಿದ ಕಣಗಳನ್ನು ತಡೆಯುವ ದಪ್ಪ ಹೊದಿಕೆ ಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ಕೋಲಾರದ ಗಣಿಯಲ್ಲಿ 2 ಕಿಲೋಮೀಟರಿಗೂ ಕೆಳಗೆ ಯಂತ್ರಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಪಡೆದರು. ಚಿನ್ನವನ್ನು ಕೊಟ್ಟ ಬಂಡೆಯೇ ಜರಡಿಯಾಗಿ ಒದಗಿತು.

ಬೀಳದ ಕಲ್ಲು, ಜಾರದ ಮರಳು

ಆಟದಲ್ಲಿ ಮರದ ಬುಡವನ್ನು ಕಡಿದರೂ ಮೇಲಿನ ರೆಂಬೆಗಳು ಗಾಳಿಯಲ್ಲಿ ನಿಂತಿರುತ್ತವೆ. ಕಲ್ಲಿನ ಘನಕ್ಕೆ ಆಸರೆ ಬೇಡ. ಮರಳು ಮತ್ತು ಜಲ್ಲಿ ಆಸರೆ ತಪ್ಪಿದರೆ ನೇರ ಕೆಳಕ್ಕೆ ಬೀಳುತ್ತವೆಯಾದರೂ ಪಕ್ಕಕ್ಕೆ ಜಾರುವುದಿಲ್ಲ. ಗೋಡೆಯಂತೆ ನೆಟ್ಟಗೆ ನಿಲ್ಲುತ್ತವೆ. ನಿಜವಾದ ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ನಿಲ್ಲಲಾರದು. ಕಣಗಳ ನಡುವಣ ಘರ್ಷಣೆ ಅಷ್ಟನ್ನು ಮಾತ್ರ ತಾಳಬಲ್ಲದು. ಒದ್ದೆ ಮಣ್ಣಿನಲ್ಲಿ ತೋಡಿದ ಹಳ್ಳದ ಗೋಡೆ ಕೆಲಕಾಲ ನೆಟ್ಟಗೆ ನಿಂತು ನಂಬಿಸುತ್ತದೆ. ಒಣಗಿದಾಗ ಅಥವಾ ಮಳೆಯಲ್ಲಿ ನೆನೆದಾಗ ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಕ. ಎದೆಯವರೆಗೆ ಹೂತವನು ಕೂಡ ಉಸಿರಾಡಲಾರನು. ಹೊಸ ಕಟ್ಟಡಗಳ ಪಾಯದ ಹಳ್ಳಗಳು ಹೊರವಲಯದ ಎಲ್ಲ ಬೀದಿಗಳಲ್ಲೂ ಕಾಣುತ್ತವೆ. ಅವುಗಳ ಅಂಚಿಗೆ ಹೋಗಬಾರದೆಂಬುದೂ, ಒಳಗೆ ದುಡಿಯುವವರಿಗೆ ಗೋಡೆಗೆ ಒತ್ತುಗೊಟ್ಟ ಆಸರೆ ಇರಲೇಬೇಕೆಂಬುದೂ ಈ 34 ಡಿಗ್ರಿಯಿಂದಲೇ ಹುಟ್ಟಿದ ಮಾತು.

ಬತ್ತದ ನೀರು, ಬತ್ತಿದ ನೀರು

ಆಟದ ನಿಯಮಗಳಲ್ಲಿ ನಮ್ಮ ಲೋಕದಿಂದ ಅತಿ ದೂರವಾದದ್ದು ನೀರಿನ ನಿಯಮ. ಎರಡು ಘನ ಅಗಲ, ಎರಡು ಘನ ಉದ್ದದ ಗುಂಡಿಯ ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ಟು ನೀರು ಸುರಿದರೆ ಉಳಿದೆರಡು ಮೂಲೆಗಳಲ್ಲಿ ಹೊಸ ನೀರು ತಾನಾಗಿ ಹುಟ್ಟುತ್ತದೆ. ಎಷ್ಟು ಮೊಗೆದರೂ ಮುಗಿಯದು. ದ್ರವ್ಯವು ಶೂನ್ಯದಿಂದ ಹುಟ್ಟಲಾರದೆಂಬ ನಿಯಮ ಅಲ್ಲಿಗಿಲ್ಲ.

ಬೆಂಗಳೂರಿನ ಕೆಳಗಿರುವುದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಲಾಲ್‌ಬಾಗಿನ ಗುಡ್ಡದಲ್ಲಿ ಅದನ್ನು ಕಣ್ಣಿಂದಲೇ ಕಾಣಬಹುದು. ಈ ಶಿಲೆಯ ಮೈಯಲ್ಲಿ ನೀರು ಹಿಡಿಯುವ ರಂಧ್ರಗಳಿಲ್ಲ; ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಿರುಕು ತುಂಬಲು ಮಳೆ ಇಂಗಬೇಕು. ಇಂಗಲು ತೆರೆದ ಮಣ್ಣೂ ಕೆರೆಯೂ ಬೇಕು. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರಕಾರೀ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಸರಕಾರವೇ ತಿಳಿಸಿತು. ವೈಟ್‌ಫೀಲ್ಡಿನಂತಹ ಹೊರವಲಯಗಳು ಟ್ಯಾಂಕರ್ ಲಾರಿಗಳ ದಾರಿ ಕಾಯಬೇಕಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಆರಂಭವಾಯಿತು. ಅದರ ಶಕ್ತಿ ದಿನಕ್ಕೆ 77.5 ಕೋಟಿ ಲೀಟರು, ಎಂದರೆ 7,75,000 ಘನಗಳು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ಒಂದು ಘನ ನೀರನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ 1000, 9.8, 500 ಈ ಮೂರರ ಗುಣಲಬ್ಧ. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 1.36 ಯೂನಿಟ್ಟು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟ ಇದರಲ್ಲಿ ಸೇರಿಲ್ಲ. ಆ ನಷ್ಟವನ್ನು ಬಿಟ್ಟರೂ ಐದನೆಯ ಹಂತಕ್ಕೊಂದಕ್ಕೇ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಯೂನಿಟ್ಟು ಬೇಕೆಂದಾಯಿತು. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರೆಂದು ಹಿಡಿದರೆ ಒಂದು ಘನ ನೀರು ಒಂದು ವಾರಕ್ಕೆ ಸಾಕು.

ಹಾಗಾದರೆ ಎತ್ತದೆಯೇ, ತೋಡದೆಯೇ ದೊರೆಯುವ ನೀರಿಲ್ಲವೇ? ಉಂಟು; ಅದಕ್ಕೂ ಒಂದು ಬೋನು ಹೂಡಬೇಕು. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸು, ಎಂದರೆ ಹೆಚ್ಚುಕಡಮೆ ಒಂದು ಮೀಟರ್. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವು ಆಟದ ಅಳತೆಯಲ್ಲಿ 9 ಘನ ಅಗಲ, 12 ಘನ ಉದ್ದ. ಅದರ ಮೇಲೆ ವರ್ಷದಲ್ಲಿ ಬೀಳುವ ನೀರು ಸುಮಾರು 108 ಘನಗಳು. ಐದರಲ್ಲಿ ಒಂದು ಪಾಲು ಆವಿಯಾಗಿಯೂ ಚೆಲ್ಲಿಯೂ ಹೋದರೂ 86 ಘನ ಉಳಿಯಬೇಕು. ಛಾವಣಿಯ ನೀರನ್ನು ಹಿಡಿದು ತೊಟ್ಟಿಗೆ ತುಂಬುವ ಇಲ್ಲವೆ ನೆಲಕ್ಕೆ ಇಂಗಿಸುವ ಏರ್ಪಾಟನ್ನು 2009ರ ಕಾನೂನು ಕಡ್ಡಾಯ ಮಾಡಿತು. ಹಿಂದಿನವರು ಊರೂರಿಗೂ ಕೆರೆ ಕಟ್ಟಿ, ಒಂದರ ಕೋಡಿಯನ್ನು ಇನ್ನೊಂದಕ್ಕೆ ಹರಿಸಿದ್ದು ಇದೇ ಬೋನನ್ನು ದೊಡ್ಡದಾಗಿ ಹೂಡಿದ ಕ್ರಮ.

ಓದುಗರಲ್ಲಿ ಈ ಆಟವನ್ನು ಆಡುವವರು ಇದ್ದರೆ ಒಂದು ಪ್ರಯೋಗ ಮಾಡಿ ನೋಡಬಹುದು. ತಮ್ಮ ಮನೆಯ ನಿವೇಶನವನ್ನು ಅಳೆದು, ಮೀಟರಿಗೊಂದು ಘನದಂತೆ ಆಟದಲ್ಲಿ ಅದರ ನೆಲವನ್ನು ಹಾಸಲಿ. ಅದರ ಮೇಲೆ ಒಂದು ಘನ ದಪ್ಪ ನೀರನ್ನು ನಿಲ್ಲಿಸಲಿ. ಅದು ಆ ನೆಲದ ಮೇಲೆ ಸುರಿದ ಒಂದು ವರ್ಷದ ಮಳೆ. ಬಳಿಕ ಮಾಳಿಗೆಗೆ ಹತ್ತಿ, ಛಾವಣಿಯ ನೀರಿನ ಕೊಳವೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂಬುದನ್ನು ಹಿಂಬಾಲಿಸಿ ನೋಡಲಿ. ಅದು ತೊಟ್ಟಿಗೋ ಇಂಗುಗುಂಡಿಗೋ ಸೇರಿದರೆ ಅಲ್ಲಿ ನಿಲ್ಲುವ ಘನಗಳೆಷ್ಟೆಂದೂ, ಚರಂಡಿಗೆ ಸೇರಿದರೆ ಕೈತಪ್ಪಿದ ಘನಗಳೆಷ್ಟೆಂದೂ ಲೆಕ್ಕ ಹಾಕಿ ಬರೆದಿಡಲಿ.